ವಿಶ್ವೇಶ್ವರಯ್ಯನವರ ನೂರು ವರ್ಷ, ನಮ್ಮಜ್ಜಿಯ ಜನವರಿ 1

ಸೆಪ್ಟೆಂಬರ್ 15 ಬಂತು ಅಂದ್ರೆ ನನಗೆ ಈಗಲೂ ನಮ್ಮೂರ ಶಾಲೆಯ ಜಗಲಿ ನೆನಪಾಗುತ್ತೆ. ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ದಾರಿಯಲ್ಲಿ, ಕಾಫಿ ತೋಟಗಳ ನಡುವೆ ಇರುವ ಎರಡು ಕೋಣೆಯ ಶಾಲೆ ಅದು. ಹೊರಗೆ ಮಳೆ ಇನ್ನೂ ಪೂರ್ತಿ ಬಿಟ್ಟಿರೋದಿಲ್ಲ. ಒಳಗೆ ಕುರ್ಚಿಯ ಮೇಲೆ ಪೇಟ, ಕೋಟು ತೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ, ಅದಕ್ಕೊಂದು ಸೇವಂತಿಗೆ ಹಾರ. ಮೇಷ್ಟ್ರು ಪ್ರತಿ ವರ್ಷ ಅದೇ ಎರಡು ಕಥೆ ಹೇಳೋರು. ಒಂದು, ಸರ್ಕಾರಿ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತದ ಮೇಣದಬತ್ತಿ ಹಚ್ಚುತ್ತಿದ್ದ ಕಥೆ. ಇನ್ನೊಂದು, ಅವರು ನೂರು ವರ್ಷ ಬದುಕಿದ ಕಥೆ. ಹೊತ್ತಿಗೆ ಸರಿಯಾಗಿ ಎದ್ದರು, ಮಿತವಾಗಿ ಉಂಡರು, ದಿನಾ ನಡೆದರು, ಕೊನೆಯವರೆಗೂ ದುಡಿದರು, ಅದಕ್ಕೇ ನೂರು ದಾಟಿದರು ಅನ್ನೋದು ಅದರ ತಿರುಳು.

ಸಂಜೆ ಮನೆಗೆ ಬಂದರೆ ಅಜ್ಜಿ ತೋಟದಿಂದ ಬಂದು ಒಲೆ ಮುಂದೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ತಿದ್ದಳು. ಬಾಯಲ್ಲಿ ಅರ್ಧ ಹಲ್ಲು ಇರಲಿಲ್ಲ, ಒಂದು ಕಣ್ಣಿಗೆ ಪೊರೆ ಬಂದಿತ್ತು. ನಮ್ಮ ಲೈನ್ ಮನೆ ಸಾಲಿನಲ್ಲಿ ಅವಳ ಓರಗೆಯ ಹೆಂಗಸರೆಲ್ಲ ಹೆಚ್ಚುಕಮ್ಮಿ ಹಾಗೇ ಇದ್ದರು. ಅವಳಿಗೆ ಆಗ ಐವತ್ತೈದು ಇರಬಹುದು, ಅಷ್ಟೇ. ಮೇಷ್ಟ್ರ ಮಾತು ಕೇಳಿಕೊಂಡು ಬಂದ ನಾನು, ಇವಳಿಗೆ ಶಿಸ್ತು ಸಾಲದು ಅಂತಲೇ ಕೆಲವು ವರ್ಷ ನಂಬಿದ್ದೆ. ಬರೆಯೋಕೆ ಈಗ ನಾಚಿಕೆಯಾಗುತ್ತೆ. ಯಾಕಂದ್ರೆ ಅವಳು ಬೆಳಗಿನ ಜಾವ ನಾಲ್ಕೂವರೆಗೆ ಏಳೋಳು. ಮಿತವಾಗಿಯೇ ಉಣ್ಣೋಳು, ಇದ್ದದ್ದೇ ಅಷ್ಟು. ದಿಬ್ಬ ಹತ್ತಿ ಇಳಿದು ದಿನಕ್ಕೆ ಎಷ್ಟು ಮೈಲಿ ನಡೆದಳೋ ಲೆಕ್ಕ ಇಟ್ಟವರಿಲ್ಲ. ಮೇಷ್ಟ್ರ ಸೂತ್ರ ನಿಜವಾಗಿದ್ದರೆ ಇಡೀ ಲೈನಿನ ಹೆಂಗಸರು ನೂರು ದಾಟಬೇಕಿತ್ತು.

ಓದು ಮುಗಿದ ಮೇಲೆ, ಹಿರಿಯರ ಆರೋಗ್ಯದ ಬಗ್ಗೆ ನಡೆದ ಒಂದು ಸಮೀಕ್ಷೆಗೆ ಮನೆಮನೆ ಸುತ್ತುವ ಕೆಲಸ ನನಗೆ ಸಿಕ್ಕಿತು. ತರಬೇತಿಯ ಮೊದಲ ದಿನವೇ ಹೇಳಿಕೊಟ್ಟ ಸಂಗತಿ ಇದು: ಒಬ್ಬ ಮನುಷ್ಯನಿಗೆ ಒಂದೇ ವಯಸ್ಸು ಇರೋದಿಲ್ಲ. ಕ್ಯಾಲೆಂಡರ್ ಎಣಿಸುವ ವಯಸ್ಸು ಒಂದು, ದೇಹ ಎಷ್ಟು ಸವೆದಿದೆ ಅನ್ನುವ ಜೈವಿಕ ವಯಸ್ಸು ಇನ್ನೊಂದು. ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲನೇ ಅಂತ ನೋಡುವ ಸಾಮರ್ಥ್ಯದ ವಯಸ್ಸು ಮತ್ತೊಂದು. ಸಮಾಜ, ಸರ್ಕಾರ ಯಾವಾಗ ಯಾರನ್ನು ಮುದುಕರು ಅನ್ನುತ್ತವೆ ಅನ್ನೋದು ಇವೆಲ್ಲಕ್ಕಿಂತ ಬೇರೆ. ಅವತ್ತಿನಿಂದ ವಿಶ್ವೇಶ್ವರಯ್ಯನವರ ಬದುಕನ್ನು ಈ ಪಾಠದ ಕಣ್ಣಲ್ಲಿ ಮತ್ತೆ ಓದಬೇಕು ಅನ್ನೋ ಆಸೆ ನನ್ನಲ್ಲಿ ಉಳಿದಿತ್ತು. ಕನ್ನಡಿಗರಿಗೆ ಮುಪ್ಪಿನ ಬಗ್ಗೆ ಇದಕ್ಕಿಂತ ಪರಿಚಿತವಾದ ಬದುಕು ಬೇರೆ ಇಲ್ಲ. ಅದನ್ನು ನಮಗೆ ಹೇಳಿಕೊಟ್ಟಷ್ಟು ತಪ್ಪಾಗಿ ಇನ್ಯಾವುದನ್ನೂ ಹೇಳಿಕೊಟ್ಟಿಲ್ಲ.

ಮೊದಲು ಕ್ಯಾಲೆಂಡರನ್ನೇ ತಗೊಳ್ಳಿ. ಅವರು ಹುಟ್ಟಿದ್ದು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ತಾರೀಕು ಸೆಪ್ಟೆಂಬರ್ 15, ಅದರಲ್ಲಿ ಜಗಳವಿಲ್ಲ. ವರ್ಷ ಯಾವುದು? ಹೆಚ್ಚಿನ ಪುಸ್ತಕಗಳು 1861 ಅನ್ನುತ್ತವೆ. ಅಂಚೆ ಇಲಾಖೆ ಅವರ ಜನ್ಮಶತಮಾನೋತ್ಸವದ ಸ್ಟಾಂಪ್ ತಂದದ್ದು ಮಾತ್ರ 1960ರಲ್ಲಿ, ಅಂದರೆ ಅದರ ಲೆಕ್ಕದಲ್ಲಿ ಹುಟ್ಟಿದ್ದು 1860. ದೇಶದ ಅತಿ ಪ್ರಸಿದ್ಧ ಶತಾಯುಷಿಯ ವಯಸ್ಸಿನಲ್ಲೇ ಒಂದು ವರ್ಷದ ಗೊಂದಲ. ಆದರೆ ಆ ಒಂದು ವರ್ಷ ಅವರ ಬದುಕಿನಲ್ಲಿ ಏನನ್ನೂ ಕಿತ್ತುಕೊಳ್ಳಲಿಲ್ಲ. ಕಾಗದದ ವಯಸ್ಸು ತಪ್ಪಿದರೆ ಕೆಲವರಿಗೆ ಅದು ಚರ್ಚೆಯ ವಿಷಯ, ಇನ್ನು ಕೆಲವರಿಗೆ ಅನ್ನದ ವಿಷಯ. ಅದಕ್ಕೆ ಆಮೇಲೆ ಬರ್ತೀನಿ.

ಅವರು ಹುಟ್ಟಿದ ಕಾಲದಲ್ಲಿ ಭಾರತೀಯನ ಸರಾಸರಿ ಆಯಸ್ಸು ಸುಮಾರು 25 ವರ್ಷ. ಇದನ್ನು ಕೇಳಿದ ಕೂಡಲೇ, ಆಗಿನವರು 25ಕ್ಕೇ ಮುದುಕರಾಗಿ ಸಾಯ್ತಿದ್ರಾ ಅಂತ ಕೇಳೋರಿದ್ದಾರೆ. ಹಾಗಲ್ಲ. ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಜನ ವರ್ಷ, ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಸರಾಸರಿಯನ್ನು ಕೆಳಗೆ ಎಳೆಯುತ್ತಿದ್ದದ್ದು ಆ ಸಾವುಗಳು. ಬಾಲ್ಯ ದಾಟಿದವರಲ್ಲಿ ಅರವತ್ತು, ಎಪ್ಪತ್ತು ಕಂಡವರು ಆಗಲೂ ಇದ್ದರು. ಸರಾಸರಿ ಆಯಸ್ಸು ಮತ್ತು ಮನುಷ್ಯ ಬದುಕಬಲ್ಲ ಗರಿಷ್ಠ ಆಯಸ್ಸು ಬೇರೆಬೇರೆ. ಮೊದಲನೆಯದು ನಮ್ಮ ದೇಶದಲ್ಲಿ ಈಗ 70ರ ಆಸುಪಾಸಿಗೆ ಏರಿದೆ. ಎರಡನೆಯದರಲ್ಲಿ, ದಾಖಲೆ ಇರುವ ಮಟ್ಟಿಗೆ, ಫ್ರಾನ್ಸ್‌ನ ಜಾನ್ ಕಾಲ್ಮಾ ಅನ್ನೋ ಹೆಂಗಸು 122 ವರ್ಷ ಬದುಕಿ 1997ರಲ್ಲಿ ತೀರಿಕೊಂಡ ಮೇಲೆ ಅದನ್ನು ಯಾರೂ ಮುರಿದಿಲ್ಲ. ಅಂದರೆ ಇಪ್ಪತ್ತನೆಯ ಶತಮಾನ ಮನುಷ್ಯನಿಗೆ ಅಮೃತ ಕುಡಿಸಲಿಲ್ಲ, ಅಕಾಲದಲ್ಲಿ ಸಾಯುತ್ತಿದ್ದವರನ್ನು ಉಳಿಸಿತು.

ಅವರ ಓರಗೆಯವರ ಗತಿ ನೋಡಿ. 1876–78ರಲ್ಲಿ ಮೈಸೂರು ಸಂಸ್ಥಾನಕ್ಕೆ ಭೀಕರ ಬರ ಬಂತು. 1871ರಲ್ಲಿ ಸುಮಾರು 50 ಲಕ್ಷ ಇದ್ದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೆ ಇಳಿಯಿತು. ಆಗ ವಿಶ್ವೇಶ್ವರಯ್ಯ ಹದಿಹರೆಯದ ಹುಡುಗ, ಬೆಂಗಳೂರಿನಲ್ಲಿ ಓದುತ್ತಿದ್ದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ಮಗ ಇನ್ನೂ ಹುಡುಗನಾಗಿದ್ದಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ದುಡ್ಡಿರಲಿಲ್ಲ. ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಖರ್ಚು ತಾವೇ ನೋಡಿಕೊಂಡರು. ಈ ಬಡತನವನ್ನು ನಾನು ಅಲ್ಲಗಳೆಯೋದಿಲ್ಲ, ಅದು ನಿಜ. ಆದರೆ ಅದೇ ವಯಸ್ಸಿನ, ಅದೇ ಸೀಮೆಯ ಸಾವಿರಾರು ಹುಡುಗರು ಬರದಲ್ಲಿ ಗಂಜಿಕೇಂದ್ರದ ದಾರಿ ಹಿಡಿದಿದ್ದಾಗ ಇವರಿಗೆ ಓದಿನ ದಾರಿ ಗೊತ್ತಿತ್ತು, ಬೆಂಗಳೂರಲ್ಲಿ ಸೋದರಮಾವನ ಆಸರೆ ಇತ್ತು, ಯಾರ ಮನೆಗಾದರೂ ಹೋಗಿ ಪಾಠ ಹೇಳಿದರೆ ಒಳಗೆ ಕರೆದು ಕೂರಿಸುವ ಜಾತಿ ಇತ್ತು. ಕೈಯಲ್ಲಿ ಕಾಸಿಲ್ಲದ ಬಡತನ ಒಂದು, ಬಾಗಿಲೇ ಇಲ್ಲದ ಬಡತನ ಇನ್ನೊಂದು.

ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ನಾಸಿಕ್‌ಗೆ ಬಂದರು. ಈಗ ಪಾಕಿಸ್ತಾನದಲ್ಲಿರುವ ಸಕ್ಕರ್‌ಗೆ ಕುಡಿಯುವ ನೀರು ಕೊಟ್ಟರು. 1903ರಲ್ಲಿ ಪುಣೆ ಹತ್ತಿರದ ಖಡಕವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿದರು.

ಆ ಗೇಟುಗಳ ಹತ್ತಿರ ಸ್ವಲ್ಪ ನಿಲ್ಲೋಣ. ನೀರು ಒಂದು ಮಟ್ಟಕ್ಕೆ ಏರಿದರೆ ಯಾರೂ ಮುಟ್ಟದೆ ತಾವಾಗಿ ತೆರೆಯುತ್ತವೆ, ಇಳಿದರೆ ತಾವಾಗಿ ಮುಚ್ಚುತ್ತವೆ. ನಮ್ಮ ದೇಹವೂ ದಿನವಿಡೀ ಮಾಡೋದು ಇದೇ ಕೆಲಸ. ಬಿಸಿಲಿಗೆ ಬೆವರುತ್ತೆ, ಚಳಿಗೆ ನಡುಗುತ್ತೆ, ಉಂಡ ಮೇಲೆ ಸಕ್ಕರೆಯನ್ನು ಹತೋಟಿಗೆ ತರುತ್ತೆ, ಎದ್ದು ನಿಂತರೆ ರಕ್ತದೊತ್ತಡ ಸರಿಪಡಿಸುತ್ತೆ. ಎಳೆಯ ದೇಹದಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಸಾಮರ್ಥ್ಯ ಮೀಸಲು ಇರುತ್ತೆ. ಮುಪ್ಪು ಅಂದರೆ ಒಂದು ರೋಗವಲ್ಲ, ಈ ಮೀಸಲು ಕರಗುತ್ತ ಹೋಗುವುದು. ಮಾಮೂಲಿ ದಿನಗಳಲ್ಲಿ ಗೊತ್ತೇ ಆಗೋದಿಲ್ಲ. ಒಂದು ಜ್ವರ, ಒಂದು ಬೀಳು, ಒಂದು ಸಾವಿನ ದುಃಖ ಬಂದಾಗ ಗೇಟು ತೆರೆಯೋಕೆ ತಡವಾಗುತ್ತೆ. ಇಪ್ಪತ್ತರ ಹುಡುಗ ಮೂರು ದಿನಕ್ಕೆ ಎದ್ದು ಓಡಾಡುವ ಜ್ವರದಲ್ಲಿ ಎಂಬತ್ತರ ಮುದುಕಿ ಹಾಸಿಗೆ ಹಿಡಿಯೋದು ಇದಕ್ಕೇ. ಬೆಂಜಮಿನ್ ಗೊಂಪರ್ಟ್ಜ್ ಅನ್ನೋ ಇಂಗ್ಲೆಂಡಿನ ಗಣಿತಜ್ಞ 1825ರಲ್ಲೇ ಸಾವಿನ ಪಟ್ಟಿಗಳನ್ನು ಲೆಕ್ಕ ಹಾಕಿ, ವಯಸ್ಸು ಒಂದೇ ಸಮನೆ ಏರಿದರೆ ಸಾಯುವ ಸಾಧ್ಯತೆ ಗುಣಿಸುತ್ತ ಏರುತ್ತೆ ಅಂತ ಕಂಡುಕೊಂಡಿದ್ದ. ಪ್ರಾಯ ಕಳೆದ ಮೇಲೆ ಸುಮಾರು ಎಂಟು ವರ್ಷಕ್ಕೊಮ್ಮೆ ಅದು ಇಮ್ಮಡಿಯಾಗುತ್ತೆ ಅನ್ನೋದು ಈಗಿನ ಅಂದಾಜು.

1908ರಲ್ಲಿ ವಿಶ್ವೇಶ್ವರಯ್ಯ ಮುಂಬೈ ಸರ್ಕಾರದ ಕೆಲಸದಿಂದ ನಿವೃತ್ತಿ ತಗೊಂಡರು. ಆಗ ಅವರಿಗೆ 47. ಭಾರತೀಯನಾದ ತನಗೆ ಮುಖ್ಯ ಎಂಜಿನಿಯರ್ ಹುದ್ದೆ ಸಿಗೋದು ದೂರದ ಮಾತು ಅನ್ನೋದು ಅವರಿಗೆ ಗೊತ್ತಿತ್ತು. ಬ್ರಿಟಿಷರ ಆಡಳಿತದ ಆ ಜನಾಂಗೀಯ ಅಡ್ಡಗೋಡೆ ಮುಂದಿನ ಮಾತಿಗೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ. ನಿವೃತ್ತಿ ಅಂದರೆ ಮುಪ್ಪು ಅಂತ ನಾವು ಅಂದುಕೊಂಡಿದ್ದೀವಿ. ಅದು ದೇಹ ಹೇಳಿದ ಗಡಿಯಲ್ಲ, ಸರ್ಕಾರಗಳು ಎಳೆದ ಗೆರೆ. ಜರ್ಮನಿಯಲ್ಲಿ ಬಿಸ್ಮಾರ್ಕ್ 1889ರಲ್ಲಿ ಕಾರ್ಮಿಕರಿಗೆ ವೃದ್ಧಾಪ್ಯ ವಿಮೆ ತಂದಾಗ ಆ ಗೆರೆ 70ರಲ್ಲಿತ್ತು, 1916ರಲ್ಲಿ 65ಕ್ಕೆ ಇಳಿಯಿತು. ಇವತ್ತು ನಾವು ಪಿಂಚಣಿ ಅರ್ಜಿಯಲ್ಲಿ ತುಂಬುವ 60, 65 ಎಲ್ಲ ಇಂಥ ಗೆರೆಗಳೇ. ವಿಶ್ವೇಶ್ವರಯ್ಯನವರಿಗೆ 47ಕ್ಕೇ ಪಿಂಚಣಿ ಇತ್ತು. ಆಮೇಲಿನ ಐವತ್ತು ಚಿಲ್ಲರೆ ವರ್ಷದಲ್ಲಿ ಅವರು ಮಾಡಿದ್ದೆಲ್ಲ ಮನಸ್ಸಿಗೆ ಬಂದು ಒಪ್ಪಿಕೊಂಡ ಕೆಲಸ, ಹೊಟ್ಟೆಗಾಗಿ ಮಾಡಿದ್ದಲ್ಲ. ಅವರು ಕೊನೆಯವರೆಗೂ ದುಡಿದರು ಅಂತ ಮೇಷ್ಟ್ರು ಹೇಳುವಾಗ ಈ ಒಂದು ಸಾಲು ಬಿಟ್ಟುಹೋಗುತ್ತಿತ್ತು.

1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಕೊಚ್ಚಿಹೋದ ಮೇಲೆ ಅಲ್ಲಿಗೆ ಪ್ರವಾಹ ತಡೆಯುವ ಯೋಜನೆ ಕೊಟ್ಟರು. 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ್. ಕನ್ನಂಬಾಡಿ, ಮೈಸೂರು ಬ್ಯಾಂಕ್, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ ಇವೆಲ್ಲ ನಿಮಗೆ ಗೊತ್ತಿರೋದೇ. ನನಗೆ ಬೇಕಾದ್ದು ನಮ್ಮ ಬೆಟ್ಟದ ಕಡೆಯ ಕಥೆ. ಮೈಸೂರಿನ ಬಯಲುಸೀಮೆಯಲ್ಲಿ ಜನ ಹೆಚ್ಚುತ್ತಿದ್ದರೆ ಮಲೆನಾಡಿನಲ್ಲಿ ಕಡಿಮೆಯಾಗುತ್ತಿದ್ದರು. ಮಲೇರಿಯಾ. ಕಾಫಿ ತೋಟಕ್ಕೆ ಕೆಳಗಿನಿಂದ ಕೂಲಿಗೆ ಬಂದವರಲ್ಲಿ ಎಷ್ಟೋ ಜನ ಚಳಿಜ್ವರ ಹಿಡಿದು ಇಲ್ಲೇ ಮಣ್ಣಾದರು. ಹೊಟ್ಟೆಯಲ್ಲಿ ಗುಲ್ಮ ಊದಿಕೊಂಡ ಮಕ್ಕಳು ಊರೂರಿನಲ್ಲಿ ಇರುತ್ತಿದ್ದರು. ವಿಶ್ವೇಶ್ವರಯ್ಯನವರ ಆಡಳಿತ ಮಲೆನಾಡು ಸುಧಾರಣೆಗೆ ಅಂತಲೇ ಒಂದು ಯೋಜನೆ ತಂದಿತು. ಉದ್ದೇಶ ಒಳ್ಳೇದೇ, ಆದರೆ ಸೊಳ್ಳೆ ಅದಕ್ಕೆ ಜಗ್ಗಲಿಲ್ಲ. 1920ರ ದಶಕದ ಕೊನೆಗೆ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳು ಶುರುವಾದಾಗ ಅದರಲ್ಲಿ ಒಂದು ನಮ್ಮ ಮೂಡಿಗೆರೆಯಲ್ಲಿ ಬಂತು. ಅಜ್ಜಿಯ ಅಜ್ಜಿಯ ಕಾಲದವರಲ್ಲಿ ನಮ್ಮ ಕಡೆ ಮುಪ್ಪು ಅನ್ನೋದೇ ಒಂದು ಸವಲತ್ತು. ಅಲ್ಲಿಯವರೆಗೆ ಬದುಕಿದ್ದರೆ ತಾನೆ ಮುದುಕರಾಗೋದು?

ಹಿಂದಿನವರು ಗಟ್ಟಿ, ರೊಟ್ಟಿ ತಿಂದು ನೂರು ವರ್ಷ ಬದುಕ್ತಿದ್ರು ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ಅದರ ಗುಟ್ಟು ಇಲ್ಲಿದೆ. ಗಟ್ಟಿಯಾಗಿದ್ದವರು ಮಾತ್ರ ಉಳಿದರು, ಉಳಿದವರನ್ನು ಮಾತ್ರ ನಾವು ನೋಡಿದೆವು. ಸತ್ತ ಮಕ್ಕಳನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ನಮ್ಮಜ್ಜಿಯ ಜತೆ ಹುಟ್ಟಿದವರು ಏಳು ಜನ, ದೊಡ್ಡವರಾಗಿದ್ದು ಮೂರೇ.

1918 ಬಹಳ ಮುಖ್ಯವಾದ ವರ್ಷ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಇನ್‌ಫ್ಲುಯೆಂಜಾ ಬಂತು. ಇಡೀ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು, 1911–21ರ ದಶಕದ ಸರಾಸರಿ ಆಯಸ್ಸು 20ಕ್ಕೆ ಕುಸಿಯಿತು. ಮುದುಕರಿಗಿಂತ ಇಪ್ಪತ್ತರಿಂದ ನಲವತ್ತರ ಒಳಗಿನವರನ್ನು ಹೆಚ್ಚಾಗಿ ಕೊಂದ ವಿಚಿತ್ರ ರೋಗ ಅದು. ಐವತ್ತೇಳರ ದಿವಾನರು ಉಳಿದರು.

ಅದೇ ವರ್ಷ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಬೇಕು ಅನ್ನೋ ಬೇಡಿಕೆಯ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ್ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಿರಲಿಲ್ಲ. ನೇಮಕಕ್ಕೆ ಅರ್ಹತೆಯೊಂದೇ ಅಳತೆಯಾಗಬೇಕು ಅನ್ನೋದು ಅವರ ನಿಲುವು. ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು.

ಈ ಪ್ರಸಂಗವನ್ನು ಮುಪ್ಪಿನ ಲೇಖನದಲ್ಲಿ ಯಾಕೆ ತಂದೆ ಅಂತ ಕೇಳಬಹುದು. ಮುಪ್ಪಿನ ಅಧ್ಯಯನದಲ್ಲಿ ಸಂಚಿತ ಅನುಕೂಲ, ಸಂಚಿತ ಅನನುಕೂಲ ಅಂತ ಒಂದು ವಿಚಾರ ಇದೆ. ಶುರುವಿನಲ್ಲಿ ಸಿಕ್ಕ ಸಣ್ಣ ಅನುಕೂಲ ಬಡ್ಡಿಯ ಹಾಗೆ ಬೆಳೆಯುತ್ತೆ. ಹೊಟ್ಟೆ ತುಂಬಿದ ಬಾಲ್ಯ ಓದಾಗುತ್ತೆ, ಓದು ಕೆಲಸವಾಗುತ್ತೆ, ಕೆಲಸ ಪಿಂಚಣಿಯಾಗುತ್ತೆ, ಪಿಂಚಣಿ ಎಪ್ಪತ್ತರ ಹೊತ್ತಿಗೆ ಗಟ್ಟಿ ಮಂಡಿಯಾಗುತ್ತೆ. ಅನನುಕೂಲವೂ ಹಾಗೇ ಬಡ್ಡಿ ಸೇರಿಸಿಕೊಳ್ಳುತ್ತ ಹೋಗುತ್ತೆ. ಹತ್ತು ವರ್ಷದ ಇಬ್ಬರು ಮಕ್ಕಳ ದೇಹದಲ್ಲಿ ಕಾಣುವ ವ್ಯತ್ಯಾಸ ಚಿಕ್ಕದು, ಅದೇ ಇಬ್ಬರು ಎಪ್ಪತ್ತಾದಾಗ ಕಾಣುವ ವ್ಯತ್ಯಾಸ ಅಗಾಧ. ಕೊನೆಯಲ್ಲಿ ನಿಂತು ನೋಡುವವರು ಒಬ್ಬರನ್ನು ಶಿಸ್ತಿನವರು, ಇನ್ನೊಬ್ಬರನ್ನು ಅಶಿಸ್ತಿನವರು ಅಂತಾರೆ. ಅರ್ಹತೆ ಅನ್ನೋ ಮಾತಿನ ಒಳಗೂ ಇದೇ ಲೆಕ್ಕ ಅಡಗಿದೆ. ಮುಂಬೈಯಲ್ಲಿ ಬಿಳಿಯರ ಗೋಡೆ ಅರ್ಹತೆಯನ್ನು ತಡೆಯುತ್ತೆ ಅನ್ನೋದನ್ನು ಮೈಮೇಲೆ ಅನುಭವಿಸಿದ ಮನುಷ್ಯನಿಗೆ ಮೈಸೂರಿನಲ್ಲಿ ಜಾತಿಯ ಗೋಡೆ ಕಾಣಲಿಲ್ಲ. ಅವರನ್ನು ಖಳನಾಯಕ ಮಾಡೋದು ನನ್ನ ಉದ್ದೇಶವಲ್ಲ. 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವತ್ತ ಕಾನೂನು ತಂದದ್ದು ಅವರದೇ ಸರ್ಕಾರ, ನಾನು ಓದಿದ ಎರಡು ಕೋಣೆಯ ಶಾಲೆಯ ಬೇರು ಎಲ್ಲೋ ಅಲ್ಲಿಗೂ ಹೋಗುತ್ತೆ. ಆದರೆ ಆ ಪ್ರಶ್ನೆಯಲ್ಲಿ ಅವರು ತಪ್ಪಿದರು, ಮಹಾರಾಜರು ಸರಿ ಇದ್ದರು.

1923ರಿಂದ 1929ರವರೆಗೆ ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ನೋಡಿಕೊಂಡರು. ಅರವತ್ತು ದಾಟಿದ ವಯಸ್ಸಿನಲ್ಲಿ ನಷ್ಟದಲ್ಲಿದ್ದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದರು. ಅದಕ್ಕೆ ಅದಿರು ಹೋಗುತ್ತಿದ್ದದ್ದು ನಮ್ಮ ಜಿಲ್ಲೆಯ ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ, ಇದ್ದಿಲಿಗೆ ಮಲೆನಾಡಿನ ಕಾಡು. ಕೆಮ್ಮಣ್ಣುಗುಂಡಿಗೆ ಪ್ರವಾಸ ಹೋಗುವವರು ಗುಲಾಬಿ ತೋಟದ ಫೋಟೊ ಹಾಕ್ತಾರೆ, ಆ ಕೆಂಪು ಮಣ್ಣನ್ನು ಅಗೆದವರ ನೆನಪು ಯಾರಿಗೂ ಇಲ್ಲ. ಇರಲಿ. ಕಬ್ಬಿಣ ತುಕ್ಕು ಹಿಡಿಯುತ್ತೆ, ಯಂತ್ರ ಸವೆಯುತ್ತೆ, ದೇಹವೂ ಹಾಗೇ ಅನ್ನೋದು ನಮಗೆಲ್ಲ ಸುಲಭವಾಗಿ ಹೊಳೆಯುವ ಹೋಲಿಕೆ. ಜೀವವಿಜ್ಞಾನ ಅದನ್ನು ಅರ್ಧ ಮಾತ್ರ ಒಪ್ಪುತ್ತೆ. ದೇಹ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತೆ. ಮುರಿದ ಮೂಳೆ ಕೂಡುತ್ತೆ, ಗಾಯ ಮಾಯುತ್ತೆ. ಹಾಗಿದ್ದರೆ ಮುಪ್ಪು ಯಾಕೆ? ಬ್ರಿಟನ್ನಿನ ಥಾಮಸ್ ಕರ್ಕ್‌ವುಡ್ 1977ರಲ್ಲಿ ಕೊಟ್ಟ ಉತ್ತರ ನಮ್ಮ ಮನೆ ಖರ್ಚಿನ ಲೆಕ್ಕದ ಹಾಗಿದೆ. ಸಿಗುವ ಅನ್ನ, ಶಕ್ತಿ ಮಿತವಾದದ್ದು. ಬೆಳೆಯೋದು, ಹೆರೋದು, ರಿಪೇರಿ ಎಲ್ಲಕ್ಕೂ ಅದರಲ್ಲೇ ಹಂಚಬೇಕು. ಪ್ರಕೃತಿ ರಿಪೇರಿಯಲ್ಲಿ ಸ್ವಲ್ಪ ಉಳಿತಾಯ ಮಾಡುತ್ತೆ, ಆ ಬಾಕಿ ವರ್ಷವರ್ಷ ಸೇರುತ್ತ ಹೋಗುತ್ತೆ. ಇದು ಎಲ್ಲ ಮನುಷ್ಯರಿಗೂ ಒಂದೇ ಕಾನೂನು. ಅದರ ಮೇಲೆ ಯಾರು ಎಷ್ಟು ಭಾರ ಹೊತ್ತರು, ಎಷ್ಟು ಹೊಗೆ ಕುಡಿದರು, ಎಷ್ಟು ಬಸಿರು ಹೊತ್ತರು, ರಾತ್ರಿ ಎಷ್ಟು ನಿದ್ದೆ ಮಾಡಿದರು ಅನ್ನೋದು ಮನುಷ್ಯರು ಮಾಡಿದ ಕಾನೂನು.

ಅಂದಹಾಗೆ ಆ ಕಾರ್ಖಾನೆ ಒಂದು ಕಾಲಕ್ಕೆ ಸಾವಿರಾರು ಕಾರ್ಮಿಕರಿಗೆ ಸಂಬಳ, ಕ್ವಾರ್ಟರ್ಸು, ಆಸ್ಪತ್ರೆ ಕೊಟ್ಟು ನೆಮ್ಮದಿಯ ಮುಪ್ಪನ್ನೂ ಕೊಟ್ಟಿತು. 2023ರಲ್ಲಿ ಅದನ್ನು ಮುಚ್ಚುವ ತೀರ್ಮಾನ ಬಂದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅವರು ಕೇಳುತ್ತಿದ್ದದ್ದು ಇವತ್ತಿನ ಕೂಲಿಯನ್ನು ಮಾತ್ರವಲ್ಲ.

1934ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ ಪುಸ್ತಕ ಬರೆದರು. 1951ರಲ್ಲಿ ತಮ್ಮ ವೃತ್ತಿಬದುಕಿನ ನೆನಪುಗಳನ್ನು ಪ್ರಕಟಿಸಿದರು. 1952ರಲ್ಲಿ, ತೊಂಬತ್ತು ದಾಟಿದವರು, ಗಂಗೆಗೆ ಬಿಹಾರದಲ್ಲಿ ಎಲ್ಲಿ ಸೇತುವೆ ಕಟ್ಟಬೇಕು ಅಂತ ಜಾಗ ನೋಡೋಕೆ ಹೋದರು. ಮೊಕಾಮಾದ ಆ ಸೇತುವೆ 1959ರಲ್ಲಿ ತೆರೆಯಿತು. 1955ರಲ್ಲಿ ಭಾರತರತ್ನ ಬಂತು. ತೊಂಬತ್ತರಲ್ಲಿ ಸೇತುವೆಗೆ ಜಾಗ ಗುರುತಿಸುವ ಮನುಷ್ಯನ ಕ್ಯಾಲೆಂಡರ್ ವಯಸ್ಸಿಗೂ ಸಾಮರ್ಥ್ಯದ ವಯಸ್ಸಿಗೂ ಇರುವ ಅಂತರ ಎಷ್ಟು ಅಂತ ಬಿಡಿಸಿ ಹೇಳಬೇಕಿಲ್ಲ. ಆಯಸ್ಸು ಬೇರೆ, ಆರೋಗ್ಯದಿಂದಿದ್ದ ಆಯಸ್ಸು ಬೇರೆ. ಅಮೆರಿಕದ ಜೇಮ್ಸ್ ಫ್ರೈಸ್ ಅನ್ನೋ ವೈದ್ಯ 1980ರಲ್ಲಿ ಹೇಳಿದ ಹಾಗೆ, ರೋಗ ನರಳಾಟದ ಕಾಲವನ್ನು ಬದುಕಿನ ತುದಿಯ ಸಣ್ಣ ಅವಧಿಗೆ ಒತ್ತಿಬಿಡೋದು ಸಾಧ್ಯವಾದರೆ ಅದು ಒಳ್ಳೆಯ ಮುಪ್ಪು. ವಿಶ್ವೇಶ್ವರಯ್ಯ ಅದಕ್ಕೆ ಪಠ್ಯಪುಸ್ತಕದ ಉದಾಹರಣೆ.

ಅವರ ಶಿಸ್ತಿಗೆ ಇದರಲ್ಲಿ ಪಾಲಿಲ್ಲವೇ? ಇದೆ. ನಡೆಯೋದು, ಮಿತವಾಗಿ ಉಣ್ಣೋದು, ಮನಸ್ಸಿಗೆ ಕೆಲಸ ಕೊಡೋದು ಎಲ್ಲ ನಿಜಕ್ಕೂ ದೇಹ ಕಾಯುತ್ತವೆ. ವಂಶದ ಪಾಲೂ ಇದೆ, ಅದೃಷ್ಟದ ಪಾಲೂ ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ವರದಿಯಲ್ಲಿ ಒಳ್ಳೆಯ ಮುಪ್ಪನ್ನು ಅಳೆಯೋಕೆ ಎರಡು ತಕ್ಕಡಿ ಇಟ್ಟಿತು. ಮನುಷ್ಯನ ಒಳಗಿನ ಶಕ್ತಿ ಒಂದು, ಸುತ್ತಲಿನ ಪರಿಸರ ಒಂದು. ಎರಡೂ ಸೇರಿ ಆತ ತನಗೆ ಬೇಕಾದ್ದನ್ನು ಮಾಡಬಲ್ಲನೇ ಅನ್ನೋದು ತೀರ್ಮಾನವಾಗುತ್ತೆ. ತೊಂಬತ್ತರ ವಿಶ್ವೇಶ್ವರಯ್ಯನವರಿಗೆ ಅಡುಗೆಯವರಿದ್ದರು, ಓಡಾಡೋಕೆ ಕಾರಿತ್ತು, ಅವರ ಮಾತು ಕೇಳೋಕೆ ಒಂದು ಸರ್ಕಾರವೇ ಇತ್ತು.

ಸ್ಟಾಂಪ್ ಬಂದ ಮರುವರ್ಷ, 1961ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೆನರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಅನ್ನೋ ಇಬ್ಬರು ವಿಜ್ಞಾನಿಗಳು ಒಂದು ಪ್ರಬಂಧ ಪ್ರಕಟಿಸಿದರು. ದೇಹದಿಂದ ಹೊರತೆಗೆದು ಬೆಳೆಸಿದ ಮನುಷ್ಯನ ಕೋಶಗಳು ಸುಮಾರು ಐವತ್ತು ಸಲ ಒಡೆದು ಇಮ್ಮಡಿಯಾಗಿ ಆಮೇಲೆ ನಿಂತುಬಿಡುತ್ತವೆ ಅಂತ ಅವರು ತೋರಿಸಿದರು. ಅಲ್ಲಿಯವರೆಗೆ ಕೋಶಗಳಿಗೆ ಸಾವಿಲ್ಲ ಅಂತಲೇ ದೊಡ್ಡ ದೊಡ್ಡವರು ನಂಬಿದ್ದರು. ಅಂದರೆ ಬೆಂಗಳೂರಿನಲ್ಲಿ ನಮ್ಮ ಶತಾಯುಷಿ ಕೊನೆಯ ದಿನಗಳಲ್ಲಿದ್ದಾಗ ಮುಪ್ಪಿನ ಆಧುನಿಕ ವಿಜ್ಞಾನ ಆಗಷ್ಟೇ ಕಣ್ಣು ಬಿಡುತ್ತಿತ್ತು. 1962ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಸಮಾಧಿ ಇದೆ. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹಳ್ಳಿಗರು ಹೇಗೆ ಮುಪ್ಪಾಗುತ್ತಾರೆ ಅಂತ ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿದ್ದಾರೆ. ಕೂಲಿನಾಲಿಯವರ ಮುಪ್ಪು ಕೊನೆಗೂ ಅಧ್ಯಯನಕ್ಕೆ ಯೋಗ್ಯವಾಯಿತು.

ಈಗ ಅಜ್ಜಿಯ ವಯಸ್ಸಿಗೆ ಬರ್ತೀನಿ. ಹುಟ್ಟಿದ ವರ್ಷ ಗೊತ್ತಿಲ್ಲದವರ ವಯಸ್ಸು ಅಂದಾಜು ಮಾಡೋಕೆ ಸಮೀಕ್ಷೆಯಲ್ಲಿ ನಮಗೆ ಕಲಿಸಿದ್ದು ಘಟನೆಗಳ ಜತೆ ತಾಳೆ ಹಾಕೋದು. ಅವಳನ್ನು ಕೂರಿಸಿಕೊಂಡು ಕೇಳಿದೆ. ಲೈನ್ ಮನೆಗಳ ಗೋಡೆಗೆ ಮೊದಲ ಸಲ ಡಿಡಿಟಿ ಹೊಡೆಯೋರು ಬಂದಾಗ ಅವಳು ಕೊಡದಲ್ಲಿ ನೀರು ಹೊರುವಷ್ಟು ದೊಡ್ಡವಳಾಗಿದ್ದಳಂತೆ. ತಿಗಣೆಗಳೆಲ್ಲ ಸತ್ತು ನೆಲದ ಮೇಲೆ ಬಿದ್ದಿದ್ದವಂತೆ. ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದು 1953ರಲ್ಲಿ. ಆಗ ಏಳು ವರ್ಷ ಅಂತ ಹಿಡಿದರೆ ಹುಟ್ಟಿದ್ದು 1946ರ ಆಚೀಚೆ. ಅವಳ ಕಾರ್ಡಿನಲ್ಲಿ ಇರೋದು 1956, ಜನವರಿ 1. ದಾಖಲೆಯಿಲ್ಲದ ಎಲ್ಲರೂ ಹುಟ್ಟೋದು ಜನವರಿ ಒಂದನೇ ತಾರೀಕೇ, ನಮ್ಮ ಕಾಲೋನಿಯಲ್ಲಿ ಎಷ್ಟು ಜನ ಇದ್ದಾರೆ ಎಣಿಸಿ ನೋಡಿ.

1956 ಎಲ್ಲಿಂದ ಬಂತು ಅಂತ ಹುಡುಕಿದೆ. 1974ರಲ್ಲಿ ತೋಟದವರು ಅವಳನ್ನು ಕಾಯಂ ಮಾಡಿ ಹಾಜರಿ ಪುಸ್ತಕಕ್ಕೆ ಸೇರಿಸಿದಾಗ ರೈಟರು ವಯಸ್ಸು 18 ಅಂತ ಬರೆದುಕೊಂಡರು. ಅದಕ್ಕೂ ಮೊದಲು, ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಅದೇ ತೋಟದಲ್ಲಿ ಅವಳು ಕಾಫಿ ಹಣ್ಣು ಬಿಡಿಸಿದ್ದು, ಕಳೆ ತೆಗೆದದ್ದು ಯಾವ ಪುಸ್ತಕದಲ್ಲೂ ಇಲ್ಲ. ಆ ವರ್ಷಗಳನ್ನು ಒರೆಸಬೇಕಾದರೆ ವಯಸ್ಸನ್ನೂ ಒರೆಸಬೇಕು. ಆಮೇಲೆ ಪಡಿತರ ಚೀಟಿ, ಆಮೇಲೆ ಗುರುತಿನ ಕಾರ್ಡಿನ ಕ್ಯಾಂಪು, ಎಲ್ಲರೂ ಅದನ್ನೇ ನಕಲು ಮಾಡಿಕೊಂಡರು. ಪುಸ್ತಕದ ಪ್ರಕಾರ 58 ತುಂಬಿ ಅವಳು ಕೆಲಸ ಬಿಟ್ಟಾಗ ನಿಜವಾಗಿ 68 ಆಗಿತ್ತು. ಮಳೆಗಾಲದಲ್ಲಿ ಗೊಪ್ಪೆ ಹೊದ್ದು, ಜಿಗಣೆ ಕಿತ್ತು ಹಾಕುತ್ತ ದುಡಿದ ಆ ಹತ್ತು ವರ್ಷ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಕೆಲಸ ಹೋದ ಮೇಲೆ ಲೈನ್ ಮನೆಯೂ ಹೋಯಿತು. ತೋಟದ ಕಾರ್ಮಿಕರಿಗೆ ಮನೆ, ಆಸ್ಪತ್ರೆ ಕೊಡಬೇಕು ಅನ್ನೋ ಕಾನೂನು ಬಂದದ್ದು 1951ರಲ್ಲಿ, ವಿಶ್ವೇಶ್ವರಯ್ಯನವರ ನೆನಪುಗಳ ಪುಸ್ತಕ ಬಂದ ವರ್ಷವೇ. ಆದರೆ ಆ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ನಮ್ಮ ಸಾಲಿನಲ್ಲಿ ಈಗ ಅಸ್ಸಾಮಿನಿಂದ ಬಂದ ಎಳೆಯ ದಂಪತಿಗಳಿದ್ದಾರೆ. ಅವರ ವಯಸ್ಸನ್ನು ಯಾರು ಏನಂತ ಬರೆದುಕೊಂಡಿದ್ದಾರೋ.

65 ದಾಟಿದವರಿಗೆ ಸಿಗುವ ಸಂಧ್ಯಾ ಸುರಕ್ಷಾ 1,200 ರೂಪಾಯಿ ಅವಳಿಗೆ ಶುರುವಾಗಿದ್ದು ನಿಜವಾದ 75 ದಾಟಿದ ಮೇಲೆ. ದೇಶದ ಬಡ ವೃದ್ಧರ ಪಿಂಚಣಿಗೆ ಕೇಂದ್ರ ಸರ್ಕಾರ ಕೊಡುವ ಪಾಲು 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ, 2007ರಿಂದ ಅದು ಹಾಗೇ ನಿಂತಿದೆ. 80 ತುಂಬಿದರೆ 500. ಅವಳ ದೇಹ ಆ ಗೆರೆಯ ಹತ್ತಿರ ಬಂದಿದೆ, ಕಾರ್ಡಿಗೆ ಇನ್ನೂ ಹತ್ತು ವರ್ಷ ದೂರ. ತಿದ್ದುಪಡಿಗೆ ಹೋದರೆ ಹುಟ್ಟಿದ ದಾಖಲೆ ತನ್ನಿ ಅಂತಾರೆ. ಡಿಡಿಟಿ ಹೊಡೆದದ್ದು ದಾಖಲೆಯಲ್ಲವಂತೆ.

ಮೊನ್ನೆ ಜನವರಿ 1ಕ್ಕೆ ಊರಲ್ಲಿದ್ದೆ. ಬೆಳಿಗ್ಗೆ ಅವಳ ಫೋನಿಗೆ ಬ್ಯಾಂಕಿನಿಂದ ಹುಟ್ಟುಹಬ್ಬದ ಶುಭಾಶಯ ಬಂದಿತ್ತು. ಅವಳು ಸೆರಗಿನ ಮಡಿಲು ಕಟ್ಟಿಕೊಂಡು ಬುಡದಲ್ಲಿ ಉದುರಿದ ಕಾಫಿ ಹೆಕ್ಕೋಕೆ ಹೊರಟಿದ್ದಳು. ಈಗಲೂ ಕೊಯ್ಲಿನ ಕಾಲದಲ್ಲಿ ಹೋಗ್ತಾಳೆ, ಒಂದಷ್ಟು ಕಾಸಾಗುತ್ತೆ. ಓದಿ ಹೇಳಿದೆ. ಎಷ್ಟು ವರ್ಷ ಆಯ್ತಂತೆ ಅಂತ ಕೇಳಿದಳು. ಕಾರ್ಡಿನ ಲೆಕ್ಕ ಹೇಳಿದೆ. ನಕ್ಕಳು. ಕಣದಲ್ಲಿ ಹರಡಿದ ಮೆಣಸಿಗೆ ಇಬ್ಬನಿ ಬಿದ್ದಿದೆ, ಬಿಸಿಲು ಬಂದ ಮೇಲೆ ಸ್ವಲ್ಪ ಕೈಯಾಡಿಸು ಅಂದು ದಿಬ್ಬ ಇಳಿದು ಹೋದಳು.